ಪೇಷಂಟ್ ಕಡೆಯವರು

‘ಪೇಷಂಟ್ ಕಡೆಯವರು ಯಾರು?’ ವಾರ್ಡಿನ ಬಾಗಿಲಲ್ಲಿ ಈ ಕೂಗು ಕೇಳಿದೊಡನೆ ಯಾರೋ ಒಬ್ಬರು ದಡಬಡಿಸಿ ಎದ್ದು ಹೋಗುತ್ತಾರೆ. ಅವರ ಕೈಗೆ ಔಷಧಿ ಚೀಟಿಯೋ, ಬಿಲ್ಲೋ, ಸಹಿ ಹಾಕಬೇಕಾದ ಹಾಳೆಯೋ ಬರುತ್ತದೆ. ರಾತ್ರಿ ನಿದ್ದೆ ಬಂತೇ ಎಂದು ಅವರನ್ನು ಕೇಳುವವರು ಅಪರೂಪ. ಕೇಳಬೇಕೆಂದು ವೈದ್ಯಲೋಕಕ್ಕೆ ಗಟ್ಟಿಯಾಗಿ ಅನ್ನಿಸಿ ಅರ್ಧ ಶತಮಾನ ಕಳೆದಿದೆಯಷ್ಟೆ. ಹೇಗೆ ಕೇಳಬೇಕೆಂದು ಅದು ಕಲಿತದ್ದು ಇನ್ನೂ ಈಚೆಗೆ.

ನರ್ಸಾಗಿ, ಸಮಾಜ ಕಾರ್ಯಕರ್ತೆಯಾಗಿ ದುಡಿದು ಆಮೇಲೆ ವೈದ್ಯೆಯಾದ ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ, ಸಾವಿನ ಅಂಚಿನಲ್ಲಿರುವವರ ಆರೈಕೆಗೆಂದೇ, ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದರು. ನೋವು ಮೈಯದಷ್ಟೇ ಅಲ್ಲ, ಮನಸ್ಸಿನದು, ಮನೆಯದು, ನಂಬಿಕೆಯದೂ ಹೌದು ಎಂಬುದು ಅವರ ವಾದ. ಎರಡು ವರ್ಷದೊಳಗೆ ಅವರ ತಂಡ ರೋಗಿಗಳ ಮನೆಗಳಿಗೇ ಹೋಗತೊಡಗಿತು. ಅಲ್ಲಿಯೇ ಮನೋವೈದ್ಯ ಕಾಲಿನ್ ಮರ್ರೆ ಪಾರ್ಕ್ಸ್, ಸಾವಿನ ನಂತರವೂ ಕುಟುಂಬದ ಜೊತೆ ನಿಲ್ಲುವ ಸೇವೆಯನ್ನು ಕಟ್ಟಿದರು. ರೋಗ ಗುಣಪಡಿಸುವುದಕ್ಕಿಂತ ನರಳಾಟ ತಗ್ಗಿಸಲು ನೋಡುವ ಇಂಥ ಉಪಶಾಮಕ ಆರೈಕೆಯ ಗುರಿಯಲ್ಲಿ ರೋಗಿಯ ಜೊತೆಗೆ ಕುಟುಂಬವೂ ಸೇರಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ 1990ರ ವ್ಯಾಖ್ಯೆಯಲ್ಲಿ ಬರೆಯಿತು.

ಬರೆದದ್ದು ಸರಿ. ನಡೆದದ್ದು ಬೇರೆ. ಮನೆಯವರೆಂದರೆ ಸಂಬಳ ಕೇಳದ ನರ್ಸುಗಳು ಎಂಬ ಲೆಕ್ಕವೇ ಬಹುಕಾಲ ಉಳಿಯಿತು.

ಆ ಲೆಕ್ಕವನ್ನು ಅಲುಗಾಡಿಸಿದ್ದು ಅಂಕಿಗಳು. ಮರೆಗುಳಿ ರೋಗಿಗಳನ್ನು ನೋಡಿಕೊಳ್ಳುವವರ ಹೊರೆಯನ್ನು ಅಳೆಯಲು ಅಮೆರಿಕದ ಸ್ಟೀವನ್ ಜ಼ಾರಿಟ್ ಮತ್ತು ಸಂಗಡಿಗರು 1980ರಲ್ಲಿ ಒಂದು ಪ್ರಶ್ನಾವಳಿ ಮಾಡಿದರು. ಅದು ಬೇಗನೆ ಬೇರೆ ರೋಗಗಳ ವಾರ್ಡುಗಳಿಗೂ ಹಬ್ಬಿತು. 1999ರಲ್ಲಿ ರಿಚರ್ಡ್ ಶುಲ್ಜ್ ಮತ್ತು ಸ್ಕಾಟ್ ಬೀಚ್ ಪ್ರಕಟಿಸಿದ ಅಧ್ಯಯನ ಇನ್ನೂ ಬೆಚ್ಚಿಬೀಳಿಸುವಂಥದ್ದು. ಗಂಡನನ್ನೋ ಹೆಂಡತಿಯನ್ನೋ ನೋಡಿಕೊಳ್ಳುತ್ತಾ ಹಣ್ಣಾಗಿದ್ದ ವೃದ್ಧರು ನಾಲ್ಕು ವರ್ಷದೊಳಗೆ ಸಾಯುವ ಸಂಭವ, ಅಂಥ ಹೊಣೆ ಇಲ್ಲದವರಿಗಿಂತ ಶೇ 63ರಷ್ಟು ಹೆಚ್ಚಿತ್ತು. ಆರೈಕೆಯ ದಣಿವು ‘ಇದ್ದದ್ದೇ’ ಎಂದು ತಳ್ಳಿಹಾಕುವ ವಿಷಯವಾಗಿ ಉಳಿಯಲಿಲ್ಲ.

ಅಳೆಯುವುದೇನೋ ಆಯಿತು, ಅಳೆದು ಮಾಡುವುದೇನು? ಈ ಕ್ಷೇತ್ರ ನಿಜವಾಗಿ ಹೊರಳಿದ್ದು ಇಲ್ಲಿ. ಬ್ರಿಟನ್ನಿನ ಗುನ್ ಗ್ರಾಂಡೆ ಮತ್ತು ಗೇಲ್ ಯೂಯಿಂಗ್, ಮನೆಯವರನ್ನು ಕಳೆದುಕೊಂಡ ಆರೈಕೆದಾರರನ್ನೇ ಕೂರಿಸಿ ಮಾತಾಡಿಸಿ, ಒಂದೇ ಹಾಳೆಯ ಪಟ್ಟಿ ಸಿದ್ಧಪಡಿಸಿದರು. ಅದರಲ್ಲಿ ಹದಿನಾಲ್ಕು ಸಂಗತಿಗಳಿದ್ದವು: ಔಷಧಿ ಕೊಡುವುದು, ರಾತ್ರಿ ಹೊತ್ತು ಬಿಡುವು, ಹಣಕಾಸು, ಮುಂದೇನಾಗಬಹುದೆಂಬ ತಿಳಿವಳಿಕೆ, ಯಾರಿಗೆ ಫೋನ್ ಮಾಡಬೇಕೆಂಬುದು, ಹೀಗೆ. ಪ್ರತಿಯೊಂದಕ್ಕೂ ಹೆಚ್ಚಿನ ನೆರವು ಬೇಕೇ, ಬೇಕಾದರೆ ಎಷ್ಟು ಎಂದಷ್ಟೇ ಪ್ರಶ್ನೆ. ಎಷ್ಟು ಕಷ್ಟ ಎಂದು ಕೇಳಿದರೆ ‘ಪರವಾಗಿಲ್ಲ, ನಡೆಯುತ್ತಿದೆ’ ಎನ್ನುವವರು, ಏನು ಬೇಕು ಎಂದು ಕೇಳಿದರೆ ಬಾಯಿಬಿಡುತ್ತಾರೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಸಮರ್ ಔನ್ ಅವರ ತಂಡ ಇದನ್ನು ಮನೆ ಆರೈಕೆಯಲ್ಲಿ ಪ್ರಯೋಗಿಸಿದಾಗ ಆರೈಕೆದಾರರ ಒತ್ತಡ ಇಳಿಯಿತು.

ಹೊತ್ತೂ ಮುಖ್ಯ ಎಂದು ತೋರಿಸಿದ್ದು 2015ರ ಒಂದು ಅಮೆರಿಕನ್ ಪ್ರಯೋಗ. ರೋಗಿಗೆ ಮುಂದುವರಿದ ಕ್ಯಾನ್ಸರ್ ಎಂದು ತಿಳಿದ ಕೂಡಲೇ ಮನೆಯವರಿಗೆ ನರ್ಸುಗಳು ಫೋನಿನಲ್ಲೇ ಮಾರ್ಗದರ್ಶನ ಶುರುಮಾಡಿದರು; ಮತ್ತೊಂದು ಗುಂಪಿಗೆ ಅದೇ ಮಾತು ಮೂರು ತಿಂಗಳು ತಡವಾಗಿ ಸಿಕ್ಕಿತು. ಮೊದಲ ಗುಂಪಿನವರಲ್ಲಿ ಖಿನ್ನತೆ ಕಡಿಮೆಯಿತ್ತು. ಕೊನೆಯ ವಾರ ಬರುವ ಆಪ್ತಸಲಹೆಗಾರರಿಗಿಂತ ಮೊದಲ ತಿಂಗಳು ಬರುವ ಫೋನ್ ಕರೆಯೇ ಮೇಲು.

ಭಾರತದ ದಾರಿ ಬೇರೆ. 1986ರಲ್ಲಿ ಮುಂಬೈಯ ಶಾಂತಿ ಅವೇದನಾ ಸದನದಿಂದ ಹಾಸ್ಪೈಸ್ ಇಲ್ಲಿಗೆ ಬಂತು. ಆದರೆ ಕೋಟಿಗಟ್ಟಲೆ ಜನರಿಗೆ ಹಾಸಿಗೆಗಳನ್ನು ಎಲ್ಲಿಂದ ತರುವುದು? 1993ರಲ್ಲಿ ಕಲ್ಲಿಕೋಟೆಯಲ್ಲಿ ಎಂ. ಆರ್. ರಾಜಗೋಪಾಲ್, ಸುರೇಶ್ ಕುಮಾರ್ ಮೊದಲಾದವರು ಕಟ್ಟಿದ ಸಂಸ್ಥೆ ಮನೆಯನ್ನೇ ನೆಚ್ಚಿತು. ಗಾಯ ತೊಳೆಯುವುದು, ಮೂಗಿನ ನಳಿಕೆಯಲ್ಲಿ ಗಂಜಿ ಹಾಕುವುದು, ಬೆನ್ನಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಎಲ್ಲವನ್ನೂ ಹೆಂಡತಿ ಮಕ್ಕಳಿಗೇ ಕಲಿಸಿತು. ಮುಂದೆ ಮಲಪ್ಪುರಂ ಸುತ್ತಮುತ್ತ ನೆರೆಹೊರೆಯ ಜಾಲ ಬೆಳೆಯಿತು. ವಾರಕ್ಕೆ ಎರಡು ಗಂಟೆ ಕೊಡಬಲ್ಲ ಊರಿನವರೇ ಸ್ವಯಂಸೇವಕರಾದರು. ದುಡಿಯುವವನೇ ಮಲಗಿದ ಮನೆಗೆ ಅಕ್ಕಿ, ಮಕ್ಕಳ ಓದಿಗೆ ನೆರವು ಮುಟ್ಟಿಸುವುದೂ ಅವರ ಪಾಲಿಗೆ ಚಿಕಿತ್ಸೆಯೇ ಆಗಿತ್ತು. ಕೇರಳ ಸರ್ಕಾರ 2008ರಲ್ಲಿ ಇದನ್ನು ನೀತಿಯಾಗಿಸಿತು.

ಬೆಂಗಳೂರಿನ ಕರುಣಾಶ್ರಯವೂ ಕಟ್ಟಡಕ್ಕಿಂತ ಮೊದಲು ಮನೆಬಾಗಿಲಿಗೆ ಹೋದ ಸಂಸ್ಥೆ. 1995ರಲ್ಲಿ ಮನೆ ಭೇಟಿ ಆರಂಭಿಸಿ, 1999ರಲ್ಲಿ ಮಾರತ್ತಹಳ್ಳಿಯಲ್ಲಿ ಹಾಸ್ಪೈಸ್ ತೆರೆಯಿತು. ಗುಣವಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಆರೈಕೆ ಉಚಿತ.

ಇಷ್ಟಾದರೂ, ರೋಗಿ ನೋವಿನಿಂದ ನರಳುತ್ತಿದ್ದರೆ ಪಕ್ಕದಲ್ಲಿ ಕೂತವರಿಗೆ ಯಾವ ಸಾಂತ್ವನವೂ ನಾಟದು. 1985ರ ಮಾದಕ ವಸ್ತು ಕಾಯ್ದೆಯ ಬಿಗಿಯಿಂದಾಗಿ ನೋವು ತಗ್ಗಿಸುವ ಮಾರ್ಫಿನ್ ದೇಶದ ಬಹುಪಾಲು ಆಸ್ಪತ್ರೆಗಳಿಗೆ ದುರ್ಲಭವಾಗಿತ್ತು. 2014ರ ತಿದ್ದುಪಡಿ ನಿಯಮ ಸಡಿಲಿಸಿತು. ಆರೈಕೆದಾರರ ಪಾಲಿಗೆ ಅದೂ ದೊಡ್ಡ ಕಾನೂನೇ, ಅದರಲ್ಲಿ ಅವರ ಹೆಸರಿಲ್ಲ ಅಷ್ಟೆ.

ಅವರ ಹೆಸರಿರುವ ಕಾನೂನುಗಳು ಹೊರಗಿವೆ. ಕೆನಡಾ 2004ರಲ್ಲಿ ಆರು ವಾರಗಳ ಆರೈಕೆ ಭತ್ಯೆ ತಂದು, ಈಗ ಅದನ್ನು 26 ವಾರಕ್ಕೆ ಏರಿಸಿದೆ. ಸ್ವೀಡನ್ನಿನಲ್ಲಿ ತೀವ್ರ ಅಸ್ವಸ್ಥರನ್ನು ನೋಡಿಕೊಳ್ಳಲು 100 ದಿನಗಳವರೆಗೆ ಭತ್ಯೆ ಸಿಗುತ್ತದೆ. ನಮ್ಮಲ್ಲಿ ಅಂಥ ಸಾರ್ವತ್ರಿಕ ಕಾನೂನಿಲ್ಲ. ಅತ್ತೆಯೋ ಅಪ್ಪನೋ ಹಾಸಿಗೆ ಹಿಡಿದರೆ ಗಾರ್ಮೆಂಟ್ಸ್ ಕೆಲಸ ಬಿಡುವವಳು ಸಾಮಾನ್ಯವಾಗಿ ಸೊಸೆ ಅಥವಾ ಮಗಳು, ಸಂಬಳವೂ ಅಲ್ಲಿಗೇ ನಿಂತಿತು. ಕೇರಳದ ‘ಆಶ್ವಾಸಕಿರಣಂ’ ಯೋಜನೆ ಹಾಸಿಗೆ ಹಿಡಿದವರ ಆರೈಕೆದಾರರಿಗೆ ತಿಂಗಳಿಗೆ ₹600 ನಿಗದಿ ಮಾಡಿದೆ. ಆ ದುಡ್ಡಿಗೆ ದೊಡ್ಡವರ ಡಯಾಪರ್ ಎರಡು ಪ್ಯಾಕ್ ಬಂದರೆ ಹೆಚ್ಚು. ಆದರೂ ಅದನ್ನು ಕೊಡುವುದು ರೋಗಿಯ ಲೆಕ್ಕದಲ್ಲಲ್ಲ, ನೋಡಿಕೊಳ್ಳುವವರ ಲೆಕ್ಕದಲ್ಲಿ.