ವಾಲ್ವ್ ಆಂಪ್ಲಿಫೈಯರ್: ಅಗ್ಗದ ಹೊಸದೋ, ಅರುವತ್ತು ವರ್ಷದ ಹಳೆಯದೋ?

ಟ್ರಾನ್ಸಿಸ್ಟರ್ ಬಂದ ಮೇಲೆ ಮೂಲೆ ಸೇರಿದ್ದ ವಾಲ್ವ್ ಆಂಪ್ಲಿಫೈಯರ್, ಚೀನಾದ ಕಾರ್ಖಾನೆಗಳ ದೆಸೆಯಿಂದ ಮತ್ತೆ ಸಾಮಾನ್ಯ ಗ್ರಾಹಕನ ಕೈಗೆಟಕುವ ವಸ್ತುವಾಗಿದೆ. ಕೆಲವು ನೂರು ಡಾಲರ್ ತೆತ್ತರೆ ಅಂತರಜಾಲ ಮಳಿಗೆಯಿಂದ ಮನೆ ಬಾಗಿಲಿಗೇ ಬರುತ್ತದೆ. ಇತ್ತ 1950-60ರ ದಶಕಗಳ ಹಳೆಯ ಉಪಕರಣಗಳಿಗೂ ಬೇಡಿಕೆ ಕುಗ್ಗಿಲ್ಲ. ಎರಡರಲ್ಲಿ ಯಾವುದನ್ನು ಕೊಳ್ಳಬೇಕು ಎಂಬ ಪ್ರಶ್ನೆಗೆ ‘ಹಳೆಯದೇ ಚಿನ್ನ’ ಎಂಬ ಮಾತು ಉತ್ತರವಾಗಲಾರದು. ಕೊಳ್ಳುವವರು ಮೊದಲು ನೋಡಬೇಕಾದದ್ದು ವಾಲ್ವಿನ ಹೊಂಬೆಳಕನ್ನಲ್ಲ, ಅದರ ಹಿಂದೆ ಕಪ್ಪು ಡಬ್ಬಿಯೊಳಗೆ ಅಡಗಿರುವ ಟ್ರಾನ್ಸ್‌ಫಾರ್ಮರನ್ನು.

ಹೋಲಿಕೆಗೆ ಹಳೆಯ ಕಾಲದ ಪ್ರತಿನಿಧಿಯಾಗಿ ಅಮೆರಿಕದ ‘ಡೈನಾಕೊ ಸ್ಟೀರಿಯೊ 70’ ತಕ್ಕದ್ದು. ಕಾರಣ, ತನ್ನ ಕಾಲದಲ್ಲಿ ಇದೂ ಅಗ್ಗದ ಮಾಲೇ. ಡೇವಿಡ್ ಹಾಫ್ಲರ್ ಅವರ ಡೈನಾಕೊ ಕಂಪನಿ ಫಿಲಡೆಲ್ಫಿಯಾದಿಂದ 1959ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಬಿಡಿಭಾಗಗಳ ಕಿಟ್ ರೂಪದಲ್ಲಿ ಬೆಲೆ 99 ಡಾಲರ್ 95 ಸೆಂಟ್. ಸೂಕ್ಷ್ಮವಾದ ಸರ್ಕ್ಯೂಟ್ ಬೋರ್ಡನ್ನು ಕಂಪನಿಯೇ ಜೋಡಿಸಿ ಕಳುಹಿಸುತ್ತಿತ್ತು; ಉಳಿದ ಬೆಸುಗೆ ಕೆಲಸ ಗ್ರಾಹಕನದು. ಒಂದು ಚಾನೆಲ್‌ಗೆ ಎರಡರಂತೆ ನಾಲ್ಕು ಇಎಲ್34 ವಾಲ್ವ್, ಚಾನೆಲ್ ಒಂದಕ್ಕೆ 35 ವ್ಯಾಟ್. ಮಧ್ಯಮ ವರ್ಗದ ಮನೆಗೆ ಹೈ-ಫೈ ಧ್ವನಿಯನ್ನು ಕೊಂಡೊಯ್ದ ಕೀರ್ತಿ ಇದಕ್ಕೆ ಸಲ್ಲಬೇಕು. ಆದರೆ ಅಂದಿನ ನೂರು ಡಾಲರ್ ಹಣದುಬ್ಬರದ ಲೆಕ್ಕದಲ್ಲಿ ಇಂದಿನ ಸಾವಿರ ಡಾಲರಿಗೂ ಮಿಗಿಲು. ಅಂದಿನ ‘ಅಗ್ಗ’ವೂ ಇಂದಿನ ‘ಅಗ್ಗ’ವೂ ಒಂದೇ ಅಲ್ಲ.

ಆ ಹಣದ ದೊಡ್ಡ ಪಾಲು ಹೋಗುತ್ತಿದ್ದುದು ಕಬ್ಬಿಣ ಮತ್ತು ತಾಮ್ರಕ್ಕೆ. ವಾಲ್ವ್ ನೂರಾರು ವೋಲ್ಟ್ ಒತ್ತಡದಲ್ಲಿ ಕೆಲವೇ ಹತ್ತು ಮಿಲಿಆಂಪಿಯರ್ ವಿದ್ಯುತ್ ಹರಿಸುತ್ತದೆ. ಸ್ಪೀಕರಿಗಾದರೋ ಕಡಿಮೆ ವೋಲ್ಟೇಜ್, ಹೆಚ್ಚು ವಿದ್ಯುತ್ ಬೇಕು. ಇವೆರಡರ ನಡುವಿನ ಸೇತುವೆಯೇ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಮಂದ್ರ ಸ್ವರಗಳನ್ನು ಪೂರ್ಣ ಶಕ್ತಿಯಲ್ಲಿ ದಾಟಿಸಲು ಅದರ ಕಬ್ಬಿಣದ ಕೋರ್ ದೊಡ್ಡದಿರಬೇಕು. ತಾರ ಸ್ವರಗಳು ಮಸುಕಾಗದಿರಲು ತಂತಿಯ ಸುರುಳಿಗಳನ್ನು ಪದರ ಪದರವಾಗಿ ಒಂದರ ನಡುವೆ ಒಂದು ಹೆಣೆಯಬೇಕು. ಹಾಫ್ಲರ್ ಮೂಲತಃ ಈ ವಿದ್ಯೆಯಲ್ಲೇ ಪಳಗಿದವರು. ಹರ್ಬರ್ಟ್ ಕೆರೋಸ್ ಅವರೊಂದಿಗೆ 1951ರಲ್ಲಿ ‘ಅಲ್ಟ್ರಾಲೀನಿಯರ್’ ಜೋಡಣೆಯನ್ನು ಜನಪ್ರಿಯಗೊಳಿಸಿದ್ದೂ ಅವರೇ. ಸ್ಟೀರಿಯೊ 70ರ ‘ಎ-470’ ಟ್ರಾನ್ಸ್‌ಫಾರ್ಮರ್ ಇಂದಿಗೂ ಪ್ರತಿ ಮಾಡಿಸಿಕೊಳ್ಳುವಷ್ಟು ಹೆಸರುವಾಸಿ. ಸಿಲಿಕಾನ್ ಚಿಪ್‌ಗಳು ವರ್ಷ ವರ್ಷಕ್ಕೆ ಅಗ್ಗವಾದಂತೆ ಕಬ್ಬಿಣ, ತಾಮ್ರ ಅಗ್ಗವಾಗಲಿಲ್ಲ. ಆದ್ದರಿಂದ ಬೆಲೆ ಇಳಿಸಬೇಕಾದ ತಯಾರಕನ ಕತ್ತರಿ ಸಾಮಾನ್ಯವಾಗಿ ಮೊದಲು ಬೀಳುವುದು ಇಲ್ಲಿಗೇ.

ಇಂದಿನ ಅಗ್ಗದ ಉಪಕರಣಗಳಲ್ಲಿ ಎರಡು ಜಾತಿಗಳಿದ್ದು, ಜಾಹೀರಾತಿನಲ್ಲಿ ಎರಡೂ ‘ಟ್ಯೂಬ್ ಆಂಪ್ಲಿಫೈಯರ್’ ಎಂದೇ ಕರೆಸಿಕೊಳ್ಳುತ್ತವೆ. ಅತಿ ಅಗ್ಗವಾದ ಮೊದಲನೆಯದರಲ್ಲಿ ಸಣ್ಣ ವಾಲ್ವ್‌ಗಳು ಆರಂಭದ ಹಂತದಲ್ಲಿ ಮಾತ್ರ ಇರುತ್ತವೆ. ಸ್ಪೀಕರನ್ನು ನಡೆಸುವುದು ಒಳಗಿನ ‘ಕ್ಲಾಸ್ ಡಿ’ ಚಿಪ್. ಕೆಲವದರಲ್ಲಿ ವಾಲ್ವಿನ ಬುಡದಲ್ಲಿ ಎಲ್‌ಇಡಿ ದೀಪವನ್ನೂ ಇಟ್ಟು ಹೊಳಪು ಹೆಚ್ಚಿಸಿರುತ್ತಾರೆ! ಇವು ನಿರುಪಯುಕ್ತವೇನಲ್ಲ, ಮೇಜಿನ ಮೇಲಿನ ಕೇಳುವಿಕೆಗೆ ಸಾಕು. ಆದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರೇ ಇಲ್ಲದ ಇವನ್ನು ಡೈನಾಕೊದ ಪಕ್ಕ ನಿಲ್ಲಿಸುವುದು ನ್ಯಾಯವಲ್ಲ. ಕೈಯಲ್ಲಿ ಎತ್ತಿ ನೋಡಿದರೇ ಗುಟ್ಟು ರಟ್ಟಾಗುತ್ತದೆ: ಸ್ಟೀರಿಯೊ 70 ಸುಮಾರು 14 ಕಿಲೋ ತೂಗುತ್ತದೆ.

ಎರಡನೆಯ ಜಾತಿ ನಿಜವಾದ ವಾಲ್ವ್ ಆಂಪ್ಲಿಫೈಯರುಗಳದು. ಬೋಯೂ ಎ9, ರೀಸಾಂಗ್ ಎ10 ಮುಂತಾದವುಗಳಲ್ಲಿ ಚಾನೆಲ್ಲಿಗೆ ಒಂದೇ ಇಎಲ್34 ‘ಸಿಂಗಲ್ ಎಂಡೆಡ್’ ಕ್ರಮದಲ್ಲಿ ದುಡಿಯುತ್ತದೆ. ಈ ಕ್ರಮದಲ್ಲಿ ಆ ವಾಲ್ವಿನಿಂದ ಸಿಗುವುದು ಹೆಚ್ಚೆಂದರೆ 11 ವ್ಯಾಟ್, ಅದೂ ಧ್ವನಿಯ ವಿಕೃತಿ ಶೇ 10ಕ್ಕೆ ಏರಿದಾಗ. ಶುಚಿಯಾದ ಧ್ವನಿ ಐದಾರು ವ್ಯಾಟಿಗೆ ಮುಗಿಯಿತೆನ್ನಬಹುದು. ಮೇಲಾಗಿ ಇಲ್ಲಿ ಟ್ರಾನ್ಸ್‌ಫಾರ್ಮರ್ ಮೂಲಕ ಏಕಮುಖ ವಿದ್ಯುತ್ ಸದಾ ಹರಿಯುವುದರಿಂದ ಕೋರಿನಲ್ಲಿ ಗಾಳಿಯ ಸಂದು ಬಿಡಬೇಕಾಗುತ್ತದೆ. ಅಷ್ಟೇ ಮಂದ್ರ ಸ್ವರ ಬೇಕಾದರೆ ಕಬ್ಬಿಣ ಇನ್ನೂ ಹೆಚ್ಚು ಬೇಕು. ಡೈನಾಕೊದ ‘ಪುಶ್-ಪುಲ್’ ಜೋಡಣೆಯಲ್ಲಿ ಎರಡು ವಾಲ್ವ್‌ಗಳ ಏಕಮುಖ ವಿದ್ಯುತ್ ಒಂದನ್ನೊಂದು ಹೊಡೆದುಹಾಕುವುದರಿಂದ ಆ ತೊಡಕಿಲ್ಲ. ಯಾಕಿನ್ ಎಂಸಿ-10ಎಲ್ ನಂತಹ ಪುಶ್-ಪುಲ್ ಮಾದರಿಗಳೂ ಚೀನಾದಿಂದ ಬಂದಿದ್ದು, ನೇರ ಹೋಲಿಕೆಗೆ ಅವೇ ಯೋಗ್ಯ.

ಆರು ವ್ಯಾಟಿಗೂ 35 ವ್ಯಾಟಿಗೂ ಕಿವಿಗೆ ತಿಳಿಯುವ ಅಂತರ ಸುಮಾರು ಏಳೂವರೆ ಡೆಸಿಬೆಲ್. ಇದು ಎದ್ದು ಕಾಣುವಂಥದೇ ಆದರೂ ಸಂಖ್ಯೆಗಳು ಹೇಳುವಷ್ಟು ಅಗಾಧವಲ್ಲ. ಈ ಅಂತರವನ್ನು ಸ್ಪೀಕರ್ ತುಂಬಿಕೊಡಬಲ್ಲದು. ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 95 ಡೆಸಿಬೆಲ್ ಕೊಡುವ ಸ್ಪೀಕರ್ ಇದ್ದರೆ ಆರು ವ್ಯಾಟಿನಲ್ಲಿ ಸಾಧಾರಣ ಕೋಣೆ ತುಂಬುತ್ತದೆ. ಇಂದಿನ ಪುಟ್ಟ ಸ್ಪೀಕರುಗಳಲ್ಲಿ 86ರ ಆಸುಪಾಸು ಸಾಮಾನ್ಯ. ಅವಕ್ಕೆ ಇದು ಸಾಲದು. ಮೃದಂಗದ ತನಿ ಆವರ್ತನ ಬಂದಾಗ ಧ್ವನಿ ಒಡೆಯುವುದು ಕೇಳಿಸುತ್ತದೆ.

ನಾದದ ಗುಣದ ಮಾತು ಬೇರೆ. ಹಳೆಯದು ‘ಬೆಚ್ಚಗೆ’ ನುಡಿಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಸ್ಟೀರಿಯೊ 70ರಲ್ಲಿ 20 ಡೆಸಿಬೆಲ್ ನೆಗೆಟಿವ್ ಫೀಡ್‌ಬ್ಯಾಕ್ ಇದ್ದು, ವಿಕೃತಿಯನ್ನು ಅಡಗಿಸುವುದೇ ಅದರ ವಿನ್ಯಾಸದ ಗುರಿಯಾಗಿತ್ತು. ಬೆಚ್ಚಗಿನ ನಾದವೆಂದು ಜನ ಮೆಚ್ಚುವುದು ಅನೇಕ ವೇಳೆ ಸಿಂಗಲ್ ಎಂಡೆಡ್ ಆಂಪ್ಲಿಫೈಯರಿನ ಎರಡನೆಯ ಹಾರ್ಮೋನಿಕ್ ವಿಕೃತಿಯನ್ನು, ಅಂದರೆ ಮೂಲ ಸ್ವರಕ್ಕೆ ಅದರದೇ ಮೇಲಿನ ಸ್ಥಾಯಿ ಸೇರಿಕೊಂಡದ್ದನ್ನು. ಗಾಯನ, ವೀಣೆಗಳಿಗೆ ಅದು ಹಿತವಾಗಿಯೇ ಕೇಳುತ್ತದೆ. ಈ ವಿಷಯದಲ್ಲಿ ಅಗ್ಗದ ಹೊಸದೇ ಹಳೆಯದಕ್ಕಿಂತ ‘ಹಳೆಯ’ ನಾದ ಕೊಡುತ್ತದೆ ಎಂಬುದು ವಿಚಿತ್ರವಾದರೂ ನಿಜ.

ಹಳೆಯ ಉಪಕರಣದ ಬೆಲೆ ಎಂದರೆ ಮಾರುವವನು ಹೇಳುವ ಬೆಲೆ ಮಾತ್ರವಲ್ಲ. ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ಅರುವತ್ತು ವರ್ಷದಲ್ಲಿ ಒಣಗಿರುತ್ತವೆ. ಡೈನಾಕೊದ ಬಯಾಸ್ ವ್ಯವಸ್ಥೆಯಲ್ಲಿರುವ ಸೆಲೆನಿಯಂ ರೆಕ್ಟಿಫೈಯರ್ ಶಿಥಿಲವಾದರೆ ಇಎಲ್34 ವಾಲ್ವ್‌ಗಳು ಕೆಂಪಗೆ ಕಾದು, ಟ್ರಾನ್ಸ್‌ಫಾರ್ಮರನ್ನೂ ಜೊತೆಗೆ ಎಳೆದುಕೊಂಡು ಸಾಯುವ ಭಯವಿದೆ. ಅದರ ಚಾಲಕ ವಾಲ್ವ್ 7199 ಈಗ ದುರ್ಲಭ. ಬದಲಿಗೆ 6ಯು8ಎ ಹಾಕಲು ಅಡಾಪ್ಟರ್ ಬೇಕು. ಅಮೆರಿಕದ ಉಪಕರಣ ನಮ್ಮ 230 ವೋಲ್ಟಿಗೆ ಹೊಂದದ್ದರಿಂದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಖರ್ಚೂ ಸೇರುತ್ತದೆ. ಅರ್ಥಿಂಗ್ ಇಲ್ಲದ ಎರಡು ಕಡ್ಡಿಯ ಪ್ಲಗ್ ಬದಲಾಯಿಸುವುದು ಅನಿವಾರ್ಯ. ಬಹುಕಾಲ ಮೂಲೆಯಲ್ಲಿದ್ದುದನ್ನು ಪರೀಕ್ಷಿಸದೆ ನೇರವಾಗಿ ಪ್ಲಗ್ಗಿಗೆ ಹಾಕುವುದು ಸಲ್ಲದು. ಒಳಗೆ 400 ವೋಲ್ಟಿಗೂ ಮೇಲ್ಪಟ್ಟ ಒತ್ತಡವಿದ್ದು, ಸ್ವಿಚ್ ಆರಿಸಿದ ಬಳಿಕವೂ ಕೆಪಾಸಿಟರುಗಳಲ್ಲಿ ಉಳಿದಿರಬಹುದು. ಇದು ಪ್ರಾಣಕ್ಕೆ ಎರವಾಗುವ ಸಂಗತಿ. ಕೈಹಾಕುವ ಕೆಲಸ ಬಲ್ಲವರದು. ಹೊಸದಕ್ಕೂ ಹಳೆಯದಕ್ಕೂ ಅನ್ವಯಿಸುವ ಇನ್ನೊಂದು ನಿಯಮ: ಸ್ಪೀಕರ್ ಜೋಡಿಸದೆ ವಾಲ್ವ್ ಆಂಪ್ಲಿಫೈಯರ್ ನುಡಿಸಬಾರದು.

ಇಷ್ಟೆಲ್ಲ ಖರ್ಚು ಕಳೆದ ಮೇಲೂ ಸ್ಟೀರಿಯೊ 70ರ ಪರ ಒಂದು ಬಲವಾದ ಮಾತಿದೆ. ಅದನ್ನು ಮನೆಯಲ್ಲಿ ಕಟ್ಟಲೆಂದೇ ರೂಪಿಸಿದ್ದರಿಂದ ದುರಸ್ತಿಯೂ ಸುಲಭ. ಮುಂಭಾಗದ ಸಾಕೆಟ್ಟಿನಲ್ಲಿ ಮೀಟರಿನ ಕಡ್ಡಿ ಇಟ್ಟು 1.56 ವೋಲ್ಟ್ ಬರುವಂತೆ, ಅಂದರೆ ಹೊಸ ಟಾರ್ಚ್ ಸೆಲ್ಲಿನಷ್ಟು, ತಿರುಪಿದರೆ ಬಯಾಸ್ ಸರಿಯಾಯಿತು. ನಕ್ಷೆ, ಕೈಪಿಡಿ, ಬದಲಿ ಬೋರ್ಡ್ ಎಲ್ಲವೂ ದೊರೆಯುತ್ತವೆ. ಅಗ್ಗದ ಹೊಸ ಮಾದರಿಗಳಿಗೆ ಸರ್ಕ್ಯೂಟ್ ನಕ್ಷೆ ಸಿಗುವುದೇ ಅಪರೂಪ.

ವಾಲ್ವೇ ಬೇಕೆಂಬ ಹಟವಿಲ್ಲದವರು 1970ರ ದಶಕದ ಜಪಾನಿ ಟ್ರಾನ್ಸಿಸ್ಟರ್ ರಿಸೀವರುಗಳನ್ನೂ ನೋಡಬಹುದು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ವ್ಯಾಟ್ ಅಳತೆಗೆ ನಿಯಮ ಹಾಕಿದ ಮೇಲೆ ಅಲ್ಲಿನ ಮಾರುಕಟ್ಟೆಗೆ ಬಂದವುಗಳ ಅಂಕಿ ನಂಬಲರ್ಹ. ಇಂದಿನ ಅಗ್ಗದ ಮಾಲಿನ ಪೆಟ್ಟಿಗೆಯ ಮೇಲೆ ಬರೆದಿರುವ ವ್ಯಾಟುಗಳ ಬಗ್ಗೆ ಹಾಗೆ ಹೇಳಲಾಗದು.

ಸೂಕ್ಷ್ಮ ಸ್ಪೀಕರ್, ಚಿಕ್ಕ ಕೋಣೆ, ಮೊದಲ ಅನುಭವ — ಇಷ್ಟಿದ್ದರೆ ಹೊಸ ಸಿಂಗಲ್ ಎಂಡೆಡ್ ಮಾದರಿಯೇ ಸರಿ. ಸಾಮಾನ್ಯ ಸ್ಪೀಕರ್ ಉಳ್ಳವರು, ನಂಬಿಕಸ್ತ ತಂತ್ರಜ್ಞನ ಪರಿಚಯ ಇದ್ದಲ್ಲಿ ಮಾತ್ರ ಹಳೆಯ ಡೈನಾಕೊಗೆ ಹಣ ಹಾಕಬಹುದು.

ವಾಲ್ವ್ ಪೂರೈಕೆ ಇಬ್ಬರಿಗೂ ಸಮಾನ ಚಿಂತೆ. ಇಂದು ಸ್ಲೊವಾಕಿಯಾ, ರಷ್ಯಾ, ಚೀನಾಗಳ ಬೆರಳೆಣಿಕೆಯ ಕಾರ್ಖಾನೆಗಳೇ ಆಧಾರ. 2022ರ ಮಾರ್ಚ್‌ನಲ್ಲಿ ರಷ್ಯಾದ ರಫ್ತು ನಿರ್ಬಂಧದ ಸುದ್ದಿ ಬಂದಾಗ ಖರೀದಿದಾರರು ಆತಂಕಗೊಂಡಿದ್ದರು. ಬೆಂಗಳೂರಿನ ಬಿಇಎಲ್ ಕೂಡ 1961ರಲ್ಲಿ ರೇಡಿಯೊ ವಾಲ್ವ್ ತಯಾರಿಕೆ ಆರಂಭಿಸಿತ್ತು. ಆ ಗುರುತಿನ ಹಳೆಯ ಇಎಲ್84ಗಳು ಸಂಗ್ರಾಹಕರ ನಡುವೆ ಈಗಲೂ ಕೈ ಬದಲಾಯಿಸುತ್ತವೆ. ಆದರೆ ಒಂಬತ್ತು ಕಡ್ಡಿಯ ಆ ವಾಲ್ವ್ ಎಂಟು ಕಡ್ಡಿಯ ಇಎಲ್34 ಸಾಕೆಟ್ಟಿಗೆ ಕೂರುವುದಿಲ್ಲ. ಕೊಳ್ಳುವ ಮುನ್ನ ಸಂಖ್ಯೆಯನ್ನು ಎರಡು ಬಾರಿ ಓದಿಕೊಳ್ಳುವುದು ಒಳಿತು.