525 ಪಟ್ಟು ಎಂಬ ಲೆಕ್ಕ: ಮೊದಲ ಟೆಲಿಸ್ಕೋಪ್ ಮತ್ತು ನಾನೂರು ವರ್ಷಗಳ ಪಾಠ

ಇತಿಹಾಸದ ಪಾಡ್‌ಕಾಸ್ಟ್‌ಗೆ ಶಾಪಿಂಗ್ ಪ್ರಶ್ನೆ ಬರೋದು ಅಪರೂಪ. ಆದರೆ ಒಂದು ಪ್ರಶ್ನೆ ಮಾತ್ರ ಮತ್ತೆ ಮತ್ತೆ ಬರ್ತಾ ಇದೆ. "ಮಗಳಿಗೆ ಹತ್ತು ವರ್ಷ, ಆಕಾಶ ಅಂದ್ರೆ ಪ್ರಾಣ. ತಾರಸಿ ಮೇಲಿಂದ ನೋಡೋಕೆ ಮೊದಲನೇ ಟೆಲಿಸ್ಕೋಪ್ ಯಾವುದು ತಗೊಳ್ಳೋದು?" ಇದಕ್ಕೆ ಒಂದು ಮಾಡೆಲ್ ಹೆಸರು ಹೇಳಿ ಕೈ ತೊಳೆದುಕೊಳ್ಳಬಹುದು. ಆದರೆ ಮುಂದಿನ ವರ್ಷ ಆ ಮಾಡೆಲ್ಲೇ ಇರಲ್ಲ. ಅದರ ಬದಲು ಇತಿಹಾಸವನ್ನೇ ಕೇಳೋಣ. ಯಾಕಂದ್ರೆ ಈ ಪ್ರಶ್ನೆಗೆ ಜನ ನಾನೂರು ವರ್ಷಗಳಿಂದ ಉತ್ತರ ಹುಡುಕ್ತಾ ಬಂದಿದ್ದಾರೆ, ದುಡ್ಡು ಕೊಟ್ಟು, ಕೈ ಸವೆಸಿ. ಒಬ್ಬರಂತೂ ಇದಕ್ಕಾಗಿ ತಾವಿದ್ದ ಮನೆಯನ್ನೇ ಕಳ್ಕೊಂಡಿದ್ದಾರೆ.

ಮೊದಲು ಒಂದು ಲೆಕ್ಕ. ನಾನು ಬಿಕಾಂ ಓದಿದವನು, ಡಬ್ಬದ ಮೇಲೆ ದೊಡ್ಡ ಅಂಕಿ ಕಂಡ್ರೆ ಅದು ಎಲ್ಲಿಂದ ಬಂತು ಅಂತ ನೋಡೋದು ಅಭ್ಯಾಸ. ಮಕ್ಕಳ ಟೆಲಿಸ್ಕೋಪ್ ಡಬ್ಬಗಳ ಮೇಲೆ "525 ಪಟ್ಟು ದೊಡ್ಡದಾಗಿ ಕಾಣುತ್ತೆ" ಅಂತ ಬರೆದಿರೋದನ್ನ ನೀವು ನೋಡಿರಬಹುದು. ಮುಂದಿನ ಲೆನ್ಸಿನ ಫೋಕಲ್ ಲೆಂತ್, ಅಂದ್ರೆ ಶಾಲೆಯಲ್ಲಿ ಸಂಗಮ ದೂರ ಅಂತ ಓದಿದ್ವಲ್ಲ, ಅದು 700 ಮಿಲಿಮೀಟರ್. ಕಣ್ಣಿಡೋ ಕಡೆಯ ಐಪೀಸ್ 4 ಮಿಲಿಮೀಟರ್. 700ನ್ನು 4ರಿಂದ ಭಾಗಿಸಿದರೆ 175. ಅದಕ್ಕೆ ಮೂರು ಪಟ್ಟು ಮಾಡೋ ಬಾರ್ಲೋ ಅನ್ನೋ ಇನ್ನೊಂದು ಲೆನ್ಸ್ ಸೇರಿಸಿ. 175 ಗುಣಿಸು 3, ಅಲ್ಲಿಗೆ 525. ಗುಣಾಕಾರ ಸರಿಯಾಗಿದೆ, ಸುಳ್ಳೇನೂ ಇಲ್ಲ. ಆದರೆ ಆ ಟೆಲಿಸ್ಕೋಪಿನ ಬಾಯಿಯ ಅಗಲ ಬರೀ 60 ಮಿಲಿಮೀಟರ್. ಅಷ್ಟು ಅಗಲದ ಲೆನ್ಸು ಎಷ್ಟು ಬೆಳಕು ಹಿಡಿಯುತ್ತೋ ಅಷ್ಟನ್ನೇ ಹಿಗ್ಗಿಸಬೇಕು. 50 ಪಟ್ಟಿನಿಂದ 525 ಪಟ್ಟಿಗೆ ಹೋದರೆ ಅದೇ ಬೆಳಕು ಸುಮಾರು 110 ಪಟ್ಟು ಹೆಚ್ಚು ಜಾಗಕ್ಕೆ ಹರಡುತ್ತೆ. ಒಂದು ಚಮಚ ತುಪ್ಪವನ್ನ ನೂರು ದೋಸೆಗೆ ಸವರಿದ ಹಾಗೆ. ಯಾವ ದೋಸೆಯಲ್ಲೂ ತುಪ್ಪ ಇರಲ್ಲ.

ಬಳಕೆಯಲ್ಲಿರೋ ಒಂದು ಅಂದಾಜು ಸೂತ್ರ ಇದೆ: ಬಾಯಿಯ ಅಗಲ ಎಷ್ಟು ಮಿಲಿಮೀಟರೋ ಅದರ ಎರಡರಷ್ಟು ಪಟ್ಟು, ಅದೇ ಗರಿಷ್ಠ. 60 ಮಿಲಿಮೀಟರಿಗೆ 120 ಪಟ್ಟು. ಅದರಾಚೆಗೆ ಕಾಣೋದು ದೊಡ್ಡ ಮಸುಕು. ಈ ಸೂತ್ರ ಕೈಯಲ್ಲಿಟ್ಟುಕೊಂಡು ಈಗ ಹಿಂದಕ್ಕೆ ಹೋಗೋಣ.

1608ರ ಅಕ್ಟೋಬರ್. ನೆದರ್ಲೆಂಡ್ಸ್‌ನ ಮಿಡಲ್‌ಬರ್ಗ್ ಊರಿನ ಕನ್ನಡಕ ತಯಾರಕ ಹಾನ್ಸ್ ಲಿಪ್ಪರ್‌ಶೈ, ದೂರದ್ದನ್ನ ಹತ್ತಿರ ತೋರಿಸೋ ಕೊಳವೆಗೆ ಪೇಟೆಂಟ್ ಕೇಳಿದ. ಸಿಗಲಿಲ್ಲ. ಅಷ್ಟರಲ್ಲೇ ಬೇರೆಯವರೂ ಇದು ನಮ್ಮದು ಅಂತ ಬಂದಿದ್ದರು, ಜೊತೆಗೆ ನಕಲು ಮಾಡೋದು ತೀರಾ ಸುಲಭ ಇತ್ತು. ಸುದ್ದಿ ಇಟಲಿಗೆ ಹೋಯ್ತು. ಗೆಲಿಲಿಯೋ ತಾನೇ ಲೆನ್ಸ್ ಉಜ್ಜಿ 1609ರ ಆಗಸ್ಟ್ ಹೊತ್ತಿಗೆ ಸುಮಾರು 8 ಪಟ್ಟಿನ ಕೊಳವೆಯನ್ನ ವೆನಿಸ್‌ನ ಅಧಿಕಾರಸ್ಥರಿಗೆ ತೋರಿಸಿದ. ಮುಂದೆ ಸುಮಾರು 20 ಪಟ್ಟಿಗೆ ಏರಿಸಿದ. 1610ರ ಜನವರಿ 7ರ ರಾತ್ರಿ ಅದನ್ನ ಗುರುಗ್ರಹದ ಕಡೆ ತಿರುಗಿಸಿದಾಗ ಪಕ್ಕದಲ್ಲಿ ಸಣ್ಣ ಚುಕ್ಕಿಗಳು ಕಂಡವು. ಕೆಲವೇ ದಿನಗಳಲ್ಲಿ ಅವು ಗುರುವಿನ ನಾಲ್ಕು ಚಂದ್ರರು ಅಂತ ಗೊತ್ತಾಯ್ತು. ಎಲ್ಲವೂ ಭೂಮಿಯನ್ನೇ ಸುತ್ತುತ್ತೆ ಅನ್ನೋ ನಂಬಿಕೆಗೆ ಪೆಟ್ಟು ಬಿದ್ದದ್ದು ಬರೀ 20 ಪಟ್ಟಿನಲ್ಲಿ.

ಇನ್ನೊಂದು ಉದಾಹರಣೆ ನಮ್ಮ ಡಬ್ಬಕ್ಕೆ ಇನ್ನೂ ಹತ್ತಿರದ್ದು. 1655ರ ಮಾರ್ಚ್‌ನಲ್ಲಿ ಕ್ರಿಶ್ಚಿಯಾನ್ ಹೈಗೆನ್ಸ್ ಶನಿಯ ದೊಡ್ಡ ಚಂದ್ರ ಟೈಟಾನ್ ಅನ್ನು ಕಂಡುಹಿಡಿದ. ಅವನ ಲೆನ್ಸಿನ ಅಗಲ ಸುಮಾರು 57 ಮಿಲಿಮೀಟರ್, ಹಿಗ್ಗಿಸಿದ್ದು ಸುಮಾರು 50 ಪಟ್ಟು. ಅಂದ್ರೆ ಇವತ್ತು ಅಂಗಡಿಯಲ್ಲಿ ಸಿಗೋ ಸಣ್ಣ ಟೆಲಿಸ್ಕೋಪಿನ ಬಾಯಿಗೂ ಹೈಗೆನ್ಸನ ಟೆಲಿಸ್ಕೋಪಿನ ಬಾಯಿಗೂ ಹೆಚ್ಚು ಕಡಿಮೆ ಒಂದೇ ಅಳತೆ. ಹಾಗಾಗಿ 60 ಮಿಲಿಮೀಟರ್ ಅನ್ನೋದೇ ಕೆಟ್ಟದ್ದು ಅಂತ ನಾನು ಹೇಳ್ತಾ ಇಲ್ಲ. 35 ಪಟ್ಟು, 70 ಪಟ್ಟಿನಲ್ಲಿ ಅದು ಚಂದ್ರನ ಕುಳಿಗಳನ್ನ, ಶನಿಯ ಬಳೆಯನ್ನ ತೋರಿಸಬಲ್ಲದು. ತೊಂದರೆ ಬರೋದು ಅದರಿಂದ 525 ಕೇಳಿದಾಗ. ಮತ್ತು ಅದನ್ನ ನಿಲ್ಲಿಸಿರೋ ಕಡ್ಡಿಯಂಥ ಕಾಲುಗಳಲ್ಲಿ.

ಈ ಕಾಲಿನ ವಿಷಯಕ್ಕೆ ಬರೋಣ. ಹದಿನೇಳನೇ ಶತಮಾನದ ಲೆನ್ಸುಗಳಿಗೆ ಒಂದು ರೋಗ ಇತ್ತು, ನಕ್ಷತ್ರದ ಸುತ್ತ ಬಣ್ಣದ ಅಂಚು ಕಟ್ಟೋದು. ಅದನ್ನ ಕಡಿಮೆ ಮಾಡೋಕೆ ಸಿಕ್ಕ ದಾರಿ ಅಂದ್ರೆ ಕೊಳವೆಯನ್ನ ಉದ್ದ ಮಾಡ್ತಾ ಹೋಗೋದು. ಇವತ್ತಿನ ಪೋಲೆಂಡಿನ ಗ್ಡಾನ್ಸ್ಕ್ ನಗರದಲ್ಲಿ ಯೊಹಾನ್ಸ್ ಹೆವೆಲಿಯಸ್ 150 ಅಡಿ ಉದ್ದದ ಟೆಲಿಸ್ಕೋಪ್ ಕಟ್ಟಿದ. ಕಂಬ ನೆಟ್ಟು, ಹಗ್ಗ ಹಾಕಿ, ಆಳುಗಳು ಎಳೆದು ತಿರುಗಿಸಬೇಕು. ಸ್ವಲ್ಪ ಗಾಳಿ ಬಂದರೂ ಇಡೀ ಸಾಧನ ತೂಗಾಡೋದು. ಗಾಜು ಎಷ್ಟೇ ಚೆನ್ನಾಗಿರಲಿ, ನಿಲುವು ಗಟ್ಟಿ ಇಲ್ಲದಿದ್ದರೆ ಆಕಾಶ ಕಾಣಲ್ಲ. ಟೆಲಿಸ್ಕೋಪು ನಕ್ಷತ್ರವನ್ನ ಮಾತ್ರ ಹಿಗ್ಗಿಸಲ್ಲ, ನಡುಕವನ್ನೂ ಅಷ್ಟೇ ಪಟ್ಟು ಹಿಗ್ಗಿಸುತ್ತೆ. ಜೊತೆಗೆ ಭೂಮಿ ಬೇರೆ ತಿರುಗ್ತಾ ಇರುತ್ತೆ. ಸಾಧಾರಣ ಐಪೀಸಿನಲ್ಲಿ 50 ಪಟ್ಟಿಗೆ ಒಂದು ಗ್ರಹ ಸುಮಾರು ನಾಲ್ಕು ನಿಮಿಷ ಕಣ್ಣಿಗೆ ಸಿಗುತ್ತೆ. 500 ಪಟ್ಟಿಗೆ ಅರ್ಧ ನಿಮಿಷವೂ ಇಲ್ಲ. ಹತ್ತು ವರ್ಷದ ಮಗುವಿಗೆ "ಬಾ, ನೋಡು" ಅನ್ನೋಷ್ಟರಲ್ಲಿ ಶನಿ ಜಾಗ ಬಿಟ್ಟಿರ್ತಾನೆ.

ಬಣ್ಣದ ರೋಗಕ್ಕೆ ಬೇರೆ ಮದ್ದು ಕೊಟ್ಟವನು ಐಸಾಕ್ ನ್ಯೂಟನ್. 1668ರಲ್ಲಿ ಅವನು ಲೆನ್ಸಿನ ಬದಲು ಲೋಹದ ಕನ್ನಡಿ ಬಳಸಿದ. ಕನ್ನಡಿ ಬೆಳಕನ್ನ ವಾಪಸ್ ಕಳಿಸುತ್ತೆ, ಬಣ್ಣ ಒಡೆಯಲ್ಲ. ಸುಮಾರು ಒಂದು ಗೇಣಿಗಿಂತ ಚಿಕ್ಕದಾದ ಆ ಸಾಧನದ ವಂಶದವೇ ಇವತ್ತಿನ ಅನೇಕ ಹವ್ಯಾಸಿ ಟೆಲಿಸ್ಕೋಪುಗಳು. ಈಗಲೂ ಅವನ್ನ ನ್ಯೂಟೋನಿಯನ್ ಅಂತಲೇ ಕರೀತಾರೆ.

ಮೊದಲ ಟೆಲಿಸ್ಕೋಪ್ ಕೊಳ್ಳೋ ಮಧ್ಯಮ ವರ್ಗದವನ ಕಷ್ಟ ಇದೆಯಲ್ಲ, ಅದರ ಮೊದಲ ದೊಡ್ಡ ಕತೆ ವಿಲಿಯಂ ಹರ್ಷೆಲನದು. ಇಂಗ್ಲೆಂಡಿನ ಬಾತ್ ನಗರದಲ್ಲಿ ಸಂಗೀತ ಪಾಠ ಹೇಳಿ ಬದುಕ್ತಿದ್ದವನು. 1773ರಲ್ಲಿ ಖಗೋಳದ ಹುಚ್ಚು ಹಿಡೀತು. ಅವನಿಗೆ ಬೇಕಾದಷ್ಟು ದೊಡ್ಡ ಕನ್ನಡಿಯ ಬೆಲೆ ಅವನ ಕೈಗೆ ಎಟುಕುವಂತಿರಲಿಲ್ಲ. ತಾನೇ ಎರಕ ಹೊಯ್ದು, ತಾನೇ ಉಜ್ಜಿದ. ಒಮ್ಮೆ 16 ಗಂಟೆ ಕೈ ಬಿಡದೆ ಉಜ್ಜುವಾಗ ತಂಗಿ ಕ್ಯಾರೊಲಿನ್ ಅಣ್ಣನ ಬಾಯಿಗೆ ತುತ್ತು ಇಡ್ತಾ ಕೂತಿದ್ದಳಂತೆ, ಅವಳೇ ನೆನಪಿನಲ್ಲಿ ಬರೆದಿಟ್ಟಿದ್ದಾಳೆ. ಮುಂದೆ ಅವಳೂ ಧೂಮಕೇತುಗಳನ್ನ ಕಂಡುಹಿಡಿದು ಹೆಸರು ಮಾಡಿದಳು.

1781ರ ಮಾರ್ಚ್ 13ರಂದು ಹರ್ಷೆಲ್ ಮನೆಯ ಹಿತ್ತಲಿನಿಂದ ಯುರೇನಸ್ ಕಂಡ. ಹೌದು, ಹಿತ್ತಲು. ಆ ಮನೆ ಈಗ ಮ್ಯೂಸಿಯಂ ಆಗಿದೆ. ಅವನ ಕನ್ನಡಿ 6.2 ಇಂಚು, ಅಂದ್ರೆ ಸುಮಾರು 157 ಮಿಲಿಮೀಟರ್. ಆಗ ಹಾಕಿದ್ದ ಐಪೀಸು 227 ಪಟ್ಟಿನದು. ನಮ್ಮ ಸೂತ್ರದ ಪ್ರಕಾರ 157ಕ್ಕೆ ಗರಿಷ್ಠ 314. ಅಂದ್ರೆ ಹೊಸ ಗ್ರಹ ಸಿಕ್ಕಿದ್ದು ಮಿತಿಯ ಒಳಗೇ. ಈ 6 ಇಂಚು ಅನ್ನೋ ಅಳತೆ ನೆನಪಿಟ್ಟುಕೊಳ್ಳಿ. 60 ಮಿಲಿಮೀಟರಿಗೆ ಹೋಲಿಸಿದರೆ 150 ಮಿಲಿಮೀಟರ್ ಬಾಯಿ ಆರು ಪಟ್ಟಿಗಿಂತ ಹೆಚ್ಚು ಬೆಳಕು ಹಿಡಿಯುತ್ತೆ. ಅಗಲ ಎರಡೂವರೆ ಪಟ್ಟು, ಬೆಳಕು ಅದರ ವರ್ಗದಷ್ಟು.

1850ರ ದಶಕದಲ್ಲಿ ಗಾಜಿಗೆ ಬೆಳ್ಳಿಯ ತೆಳುಪದರ ಲೇಪಿಸೋ ವಿಧಾನ ಬಂತು. ಲೋಹ ಎರಕ ಹೊಯ್ಯೋ ಕಷ್ಟ ತಪ್ಪಿತು. ಗಾಜಿನ ಬಿಲ್ಲೆ ಸಿಕ್ಕರೆ ಸಾಕು, ತಾಳ್ಮೆ ಇದ್ದವರು ಮನೆಯಲ್ಲೇ ಕನ್ನಡಿ ಮಾಡಬಹುದು. 1920ರಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ರಸೆಲ್ ಪೋರ್ಟರ್ ಅನ್ನೋರು ಊರಿನ ಕಾರ್ಖಾನೆ ಕೆಲಸಗಾರರಿಗೆ ಇದನ್ನೇ ಕಲಿಸೋಕೆ ಶುರು ಮಾಡಿದರು. ಹವ್ಯಾಸಿಗಳ ದೊಡ್ಡ ಪರಂಪರೆಯೇ ಅಲ್ಲಿಂದ ಹುಟ್ಟಿತು. ಆದರೂ ಒಂದು ಅಡ್ಡಿ ಉಳಿದಿತ್ತು. ಕನ್ನಡಿ ದೊಡ್ಡದಾದಷ್ಟೂ ಅದನ್ನ ಹೊರೋ ಲೋಹದ ಸ್ಟ್ಯಾಂಡು ಭಾರ, ದುಬಾರಿ.

ಆ ಅಡ್ಡಿ ತೆಗೆದವರು ಜಾನ್ ಡಾಬ್ಸನ್. ಮನೆ ಕಳ್ಕೊಂಡವರು ಅಂದೆನಲ್ಲ, ಅವರೇ. ನಮಗೂ ಅವರಿಗೂ ಒಂದು ನಂಟಿದೆ. ಹುಟ್ಟಿದ್ದು 1915ರಲ್ಲಿ, ಬೀಜಿಂಗ್‌ನಲ್ಲಿ. ಓದಿದ್ದು ಬರ್ಕ್‌ಲಿಯಲ್ಲಿ, ರಸಾಯನಶಾಸ್ತ್ರ. 1944ರಲ್ಲಿ ಸ್ಯಾನ್‌ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿ ಸೇರಿ ಸಾಧು ಆದರು. ಅದು 1900ರಲ್ಲಿ ಸ್ವಾಮಿ ವಿವೇಕಾನಂದರು ಸ್ಥಾಪಿಸಿದ್ದು. ನಮ್ಮ ಮೈಸೂರು, ಬೆಂಗಳೂರಿನ ರಾಮಕೃಷ್ಣ ಆಶ್ರಮಗಳ ಪರಂಪರೆಯೇ. ವಿಜ್ಞಾನಕ್ಕೂ ವೇದಾಂತಕ್ಕೂ ಹೊಂದಾಣಿಕೆ ಹುಡುಕೋದು ಆಶ್ರಮದಲ್ಲಿ ಅವರಿಗೆ ಸಿಕ್ಕ ಕೆಲಸ. ಬ್ರಹ್ಮಾಂಡದ ಬಗ್ಗೆ ಯೋಚಿಸ್ತಾ ಯೋಚಿಸ್ತಾ, ಅದನ್ನ ಕಣ್ಣಾರೆ ನೋಡಬೇಕು ಅನ್ನಿಸ್ತು.

ಕೈಯಲ್ಲಿ ದುಡ್ಡಿಲ್ಲ, ಸಾಧು ಅಲ್ವಾ. ಹಡಗಿನ ಕಿಟಕಿಯ ದಪ್ಪ ಗಾಜಿನಿಂದ 12 ಇಂಚಿನ ಕನ್ನಡಿ ಉಜ್ಜಿದರು. ಅದರಲ್ಲಿ ಚಂದ್ರನನ್ನ ನೋಡಿದ ಮೇಲೆ ಅವರಿಗೆ ಬಂದ ಯೋಚನೆ ಒಂದೇ: ಇದನ್ನ ಎಲ್ಲರೂ ನೋಡಬೇಕು. ರಟ್ಟಿನ ಕೊಳವೆ, ಪ್ಲೈವುಡ್ ಪೆಟ್ಟಿಗೆ, ಕೆಳಗೆ ಜಾರೋಕೆ ಟೆಫ್ಲಾನ್ ತುಂಡು. ಪೆಟ್ಟಿಗೆ ನಮ್ಮ ಬೀಸೋ ಕಲ್ಲಿನ ಹಾಗೆ ಸುತ್ತ ತಿರುಗುತ್ತೆ, ಕೊಳವೆ ಫಿರಂಗಿಯ ಹಾಗೆ ಮೇಲೆ ಕೆಳಗೆ ಆಡುತ್ತೆ. ಕೈ ಬಿಟ್ಟರೆ ಅಲ್ಲೇ ನಿಲ್ಲುತ್ತೆ. ಸ್ಕ್ರೂ ಇಲ್ಲ, ಗಿಯರ್ ಇಲ್ಲ. ಅದನ್ನ ಚಕ್ರದ ಮೇಲಿಟ್ಟು ಆಶ್ರಮದ ಹೊರಗೆ ತಳ್ಕೊಂಡು ಹೋಗಿ ಅಕ್ಕಪಕ್ಕದ ಜನಕ್ಕೆ, ಮಕ್ಕಳಿಗೆ ತೋರಿಸ್ತಿದ್ದರು. ಆಶ್ರಮಕ್ಕೆ ಇದು ಸರಿ ಬರಲಿಲ್ಲ. ಟೆಲಿಸ್ಕೋಪ್ ಬಿಡಿ, ಇಲ್ಲ ಆಶ್ರಮ ಬಿಡಿ ಅನ್ನೋ ಮಾತು ಬಂತು. ಕೊನೆಗೆ 1967ರಲ್ಲಿ, 23 ವರ್ಷದ ಆಶ್ರಮ ಜೀವನದಿಂದ ಅವರು ಹೊರಗೆ ಬರಬೇಕಾಯ್ತು. ವಯಸ್ಸು ಐವತ್ತು ದಾಟಿತ್ತು.

ಮರುವರ್ಷವೇ, 1968ರಲ್ಲಿ, ಸ್ಯಾನ್‌ ಫ್ರಾನ್ಸಿಸ್ಕೋದ ಬೀದಿಗಳಲ್ಲಿ ಟೆಲಿಸ್ಕೋಪ್ ಇಟ್ಟು ಹೋಗಿ ಬರೋರಿಗೆಲ್ಲ ಪುಕ್ಕಟೆ ಆಕಾಶ ತೋರಿಸೋ ಗುಂಪು ಶುರುವಾಯ್ತು. ಅದರ ಹೆಸರು ಸೈಡ್‌ವಾಕ್ ಆಸ್ಟ್ರಾನಮರ್ಸ್, ಅಂದ್ರೆ ಫುಟ್‌ಪಾತ್ ಖಗೋಳಿಗರು. ತಮ್ಮ ವಿನ್ಯಾಸಕ್ಕೆ ಡಾಬ್ಸನ್ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಲಿಪ್ಪರ್‌ಶೈ ಕೇಳಿ ಸಿಗದೆ ಹೋದದ್ದನ್ನ ಇವರು ಕೇಳಲೇ ಇಲ್ಲ. 1980ರ ಹೊತ್ತಿಗೆ ಅಮೆರಿಕದಲ್ಲಿ ಇದೇ ಮಾದರಿಯ 13.1 ಇಂಚಿನ ಟೆಲಿಸ್ಕೋಪ್ ಅಂಗಡಿ ಸರಕಾಗಿ ಮಾರಾಟಕ್ಕೆ ಬಂತು. ಈಗ ಪ್ರಪಂಚದ ತುಂಬ ಅದಕ್ಕೆ ಡಾಬ್ಸೋನಿಯನ್ ಅಂತಲೇ ಹೆಸರು. ಅವರು ತೀರಿಕೊಂಡಿದ್ದು 2014ರಲ್ಲಿ, 98ನೇ ವಯಸ್ಸಿನಲ್ಲಿ.

ಈಗ ಆ ಮಗಳ ಟೆಲಿಸ್ಕೋಪಿಗೆ ವಾಪಸ್ ಬರೋಣ. ಇತಿಹಾಸ ಹೇಳಿದ್ದು ಎರಡೇ ಮಾತು: ಬಾಯಿ ಅಗಲ ಇರಲಿ, ಕಾಲು ಗಟ್ಟಿ ಇರಲಿ. ಹಾಗಾದ್ರೆ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ "ಎಷ್ಟು ಪಟ್ಟು?" ಅಲ್ಲ, "ಬಾಯಿ ಎಷ್ಟು ಮಿಲಿಮೀಟರ್?" ಆಮೇಲೆ ಕೊಳವೆಯನ್ನ ಬೆರಳಲ್ಲಿ ಮೆಲ್ಲಗೆ ತಟ್ಟಿ ನೋಡಿ. ತಟ್ಟಿದ್ದು ನಿಲ್ಲೋಕೆ ಹೆಚ್ಚು ಹೊತ್ತು ಹಿಡಿದರೆ ಬೇಡ. ಜಾಗ ಇದ್ದು, ಬಜೆಟ್ ಹೊಂದಿದರೆ 6 ಇಂಚಿನ ಡಾಬ್ಸೋನಿಯನ್ ತಗೊಳ್ಳಿ. ಹರ್ಷೆಲನ ಕನ್ನಡಿ, ಡಾಬ್ಸನ್ನರ ಪೆಟ್ಟಿಗೆ, ಎರಡೂ ಒಂದೇ ಕಡೆ. ಕೊಳವೆ ಬೇರೆ, ಪೆಟ್ಟಿಗೆ ಬೇರೆ ಮಾಡಿ ಎರಡು ಸಲಕ್ಕೆ ತಾರಸಿಗೆ ಒಯ್ಯಬಹುದು. ಅಪಾರ್ಟ್‌ಮೆಂಟ್ ಆದ್ರೆ ಮೇಜಿನ ಮೇಲಿಡೋ ಚಿಕ್ಕ ಡಾಬ್ಸೋನಿಯನ್‌ಗಳಿವೆ, ಆದರೆ ಮೇಜು ಅಲುಗಾಡಬಾರದು. ಬಜೆಟ್ ತೀರಾ ಕಡಿಮೆ ಇದ್ರೆ ಡಬ್ಬದ ಟೆಲಿಸ್ಕೋಪಿಗಿಂತ ಒಂದು ಒಳ್ಳೆ 10x50 ಬೈನಾಕ್ಯುಲರ್ ಮೇಲು. ಕೈ ಊರಿಕೊಂಡು ನೋಡಿದರೆ ಗೆಲಿಲಿಯೋ ಕಂಡ ಗುರುವಿನ ಚಂದ್ರರು ಅದರಲ್ಲೂ ಸಿಗ್ತಾರೆ.

ಈಗಾಗಲೇ 60 ಮಿಲಿಮೀಟರಿನದು ಮನೆಯಲ್ಲಿದ್ರೆ ಬೇಜಾರು ಬೇಡ. ಬಾರ್ಲೋವನ್ನ ಡಬ್ಬದಲ್ಲೇ ಬಿಡಿ, 20 ಮಿಲಿಮೀಟರಿನ ಐಪೀಸ್ ಹಾಕಿ, ಕಾಲುಗಳನ್ನ ಉದ್ದ ಎಳೆಯದೆ ಗಿಡ್ಡವಾಗಿಟ್ಟು ಚಂದ್ರನನ್ನ ನೋಡಿ. ಹುಣ್ಣಿಮೆ ದಿನ ಬೇಡ, ಅಷ್ಟಮಿ ಆಸುಪಾಸು ನೋಡಿ, ಆಗ ಕುಳಿಗಳ ನೆರಳು ಚೆನ್ನಾಗಿ ಬೀಳುತ್ತೆ. ಬೆಂಗಳೂರಿನ ದೀಪದ ಬೆಳಕು ಚಂದ್ರ, ಗುರು, ಶನಿಗೆ ಅಷ್ಟೇನೂ ಅಡ್ಡಿ ಮಾಡಲ್ಲ. ನೀಹಾರಿಕೆ, ಗೆಲಾಕ್ಸಿ ಬೇಕಂದ್ರೆ ಊರಾಚೆ ಹೋಗಬೇಕು. ಕೊಳ್ಳೋದನ್ನ ಮಳೆಗಾಲ ಕಳೆದ ಮೇಲೆ ಇಟ್ಟುಕೊಳ್ಳಿ, ಜೂನ್‌ನಲ್ಲಿ ತಂದರೆ ಮೋಡ ನೋಡ್ತಾ ಮೂರು ತಿಂಗಳು ಕೂರಬೇಕಾಗುತ್ತೆ. ಒಂದು ಎಚ್ಚರಿಕೆ: ಸೂರ್ಯನ ಕಡೆ ಯಾವತ್ತೂ ತಿರುಗಿಸಬೇಡಿ. ಐಪೀಸಿಗೆ ಸಿಕ್ಕಿಸೋ ಕಪ್ಪು ಫಿಲ್ಟರ್ ಬಂದಿದ್ದರೆ ಅದನ್ನ ಎಸೆದುಬಿಡಿ. ಬಿಸಿಗೆ ಅದು ಬಿರುಕು ಬಿಡಬಹುದು, ಬಿಟ್ಟರೆ ಕಣ್ಣೇ ಹೋಗುತ್ತೆ.

ಇಷ್ಟು ವಿವರ ಯಾಕೆ ಹೇಳಿದೆ ಅಂದ್ರೆ, ಇಲ್ಲಿ ನಷ್ಟ ಆಗೋದು ದುಡ್ಡೊಂದೇ ಅಲ್ಲ. ಮಸುಕು ನೋಡಿದ ಮಗು ಟೆಲಿಸ್ಕೋಪ್ ಸರಿ ಇಲ್ಲ ಅಂತ ಅಂದುಕೊಳ್ಳಲ್ಲ. "ನಂಗೆ ನೋಡೋಕೆ ಬರಲ್ಲ" ಅಂದುಕೊಳ್ಳುತ್ತೆ. ಟೆಲಿಸ್ಕೋಪ್ ಅಟ್ಟ ಸೇರುತ್ತೆ, ಜೊತೆಗೆ ಆ ಆಸೆಯೂ. ಹಾಗಾಗಿ ಟೆಲಿಸ್ಕೋಪ್ ತಂದ ಮೊದಲ ಒಳ್ಳೆ ರಾತ್ರಿ ಮಗಳು ಕಣ್ತುಂಬ ನೋಡಲಿ. ಆಮೇಲೆ ಪಕ್ಕದ ಮನೆಯವರನ್ನೂ ತಾರಸಿಗೆ ಕರೀರಿ.

ಈ ಸಂಚಿಕೆ ಇಲ್ಲಿಗೆ ಮುಗೀತು. ನೀವು ತಾರಸಿಯಿಂದ ಮೊದಲು ನೋಡಿದ್ದು ಏನು ಅಂತ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೆಲವನ್ನ ಓದ್ತೀನಿ. ಮತ್ತೆ ಸಿಗೋಣ.