ದೂರು ಕೊಟ್ಟವರೇ ಹಣ ಕಟ್ಟಿದ್ದು

ಮೊನ್ನೆ ಗೆಳೆಯರೊಬ್ಬರು ಫೋನ್ ಮಾಡಿದ್ದರು. ಅವರ ತಮ್ಮನಿಗೆ ಯಾರೋ ರಾತ್ರಿ ಅಡ್ಡಗಟ್ಟಿ ಹೊಡೆದಿದ್ದಾರೆ, ಹೊಡೆದವರು ಇನ್ನೂ ಸಿಕ್ಕಿಲ್ಲ. "ಇಂಥವರಿಗೆ ಸರ್ಕಾರದಿಂದ ಪರಿಹಾರ ಸಿಗುತ್ತಂತೆ, ನಿಜವಾ?" ಅಂದರು. ನಿಜ ಅಂದೆ. ಆದರೆ ನನ್ನ ತಲೆ ಆಗಲೇ ಮಾಗಡಿ ತಾಲೂಕಿನ ಕಲ್ಯಕ್ಕೆ ಓಡಿತ್ತು. (ಹಳೇ ಶಾಸನಗಳ ಹುಚ್ಚು, ಏನು ಮಾಡೋದು!)

ಕಲ್ಯ ಈಗ ಒಂದು ಹಳ್ಳಿ. ಶಾಸನದಲ್ಲಿ ಅದು ಕಲ್ಲೆಹ. ವಿಜಯನಗರದ ಒಂದನೇ ಬುಕ್ಕರಾಯ 1368ರಲ್ಲಿ ಕೊಟ್ಟ ತೀರ್ಪಿನ ಕಲ್ಲು ಅಲ್ಲಿದೆ, ಶ್ರವಣಬೆಳಗೊಳದಲ್ಲೂ ಇದೆ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹಗಳ ಜೈನರು ಶ್ರೀವೈಷ್ಣವರಿಂದ ತಮಗಾಗುತ್ತಿರುವ ಅನ್ಯಾಯವನ್ನು ರಾಯನ ಮುಂದೆ ತೋಡಿಕೊಂಡರು. ರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ಇಬ್ಬರಲ್ಲಿ ಭೇದವಿಲ್ಲ ಎಂದ. ಸ್ಕೂಲಿನಲ್ಲಿ ನಾವು ಓದಿದ್ದು ಇಷ್ಟೇ. ಧರ್ಮ ಸಮನ್ವಯ, ಎರಡು ಮಾರ್ಕು :)

ಬೆಳಗೊಳದ ಕಲ್ಲನ್ನು ಮುಂದಕ್ಕೆ ಓದಿದರೆ ಲೆಕ್ಕಾಚಾರ ಬರುತ್ತದೆ. ರಾಜ್ಯದ ಜೈನರು ಮನೆಗೆ ವರ್ಷಕ್ಕೆ ಒಂದು ಹಣ ಕೊಡಬೇಕು. ತಿರುಮಲೆಯ ತಾತಯ್ಯ ಅದನ್ನು ಎತ್ತಿ, ಬೆಳಗೊಳದ ದೇವರ ಕಾವಲಿಗೆ 20 ಆಳುಗಳನ್ನು ಇಡಬೇಕು. ಉಳಿದದ್ದರಲ್ಲಿ ಪಾಳುಬಿದ್ದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಅಂದರೆ ದೂರು ಕೊಟ್ಟವರದ್ದೇ ದುಡ್ಡು! ಜೈನರೂ ಒಪ್ಪಿದ್ದರು ಅನ್ನುತ್ತದೆ ಕಲ್ಲು. ಬೇರೆ ದಾರಿ ಇತ್ತೋ ಇಲ್ಲವೋ... ಒಂದು ಜಾಣತನವನ್ನಂತೂ ಒಪ್ಪಲೇಬೇಕು. ಯಾರ ಮೇಲೆ ದೂರಿತ್ತೋ ಆ ಕಡೆಯವರಿಗೇ ಕಾಯುವ ಹೊಣೆ ಹೊರಿಸಿದ್ದು. ಆದರೆ ಆದ ನಷ್ಟ ತುಂಬಿಕೊಡುವ ಮಾತು ಮಾತ್ರ ಅಲ್ಲಿಲ್ಲ.

ಅದು ನಮ್ಮ ಕಾನೂನಿಗೆ ಬಂದದ್ದೂ ತಡವಾಗಿಯೇ. ದಂಡ ಪ್ರಕ್ರಿಯಾ ಸಂಹಿತೆಗೆ 2008ರ ತಿದ್ದುಪಡಿಯಲ್ಲಿ 357ಎ ಕಲಂ ಸೇರಿ, 2009ರ ಕೊನೆಯ ದಿನ ಜಾರಿಯಾಯಿತು. ಕರ್ನಾಟಕದ ಯೋಜನೆ ಬಂದದ್ದು 2011ರಲ್ಲಿ. 2024ರ ಜುಲೈನಿಂದ ಅದೇ ವಿಷಯ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಂನಲ್ಲಿದೆ. ಹೊಡೆದವನು ಸಿಗದಿದ್ದರೂ, ವಿಚಾರಣೆಯೇ ನಡೆಯದಿದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಅವರು ಎರಡು ತಿಂಗಳಲ್ಲಿ ವಿಚಾರಣೆ ಮುಗಿಸಬೇಕು.

ಅಂದು ರಾಯನ ತನಕ ಬಿನ್ನಹ ಒಯ್ದವನು ಕಲ್ಲೆಹದ ಬುಸುವಿಸೆಟ್ಟಿ. ಆಮೇಲೆ ಎರಡೂ ಕಡೆಯವರು ಸೇರಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರು.

ಗೆಳೆಯರಿಗೆ ಎಫ್‌ಐಆರ್ ಪ್ರತಿ, ಆಸ್ಪತ್ರೆಯ ಕಾಗದಗಳನ್ನು ತನ್ನಿ ಅಂದಿದ್ದೇನೆ. ಭಾನುವಾರ ಕೂತು ಅರ್ಜಿ ಬರೆಯಬೇಕು.